ಕೇಶಿರಾಜನ ಕಹಳೆ

(ಆಕಾಶವಾಣಿಯಲ್ಲಿ ಮಾಡಿದ ಭಾಷಣ. ನಿಲಯದ ಸೌಜನ್ಯದಿಂದ.)



‘ಶಬ್ದಮಣಿದರ್ಪಣ’ವನ್ನು ಪಠ್ಯವಾಗಿ ಓದಿದವರಿಗೆಲ್ಲ ಅದರ ಮೊದಲ ಭಾಗದಲ್ಲಿ ಬರುವ ಒಂದು ಸೂತ್ರ ನೆನಪಿರಬೇಕು. ಶಬ್ದ ಹುಟ್ಟುವ ಬಗೆಯನ್ನು ಕೇಶಿರಾಜ ಅಲ್ಲಿ ಹೇಳುತ್ತಾನೆ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ಹೊಕ್ಕುಳ ಬುಡದಲ್ಲಿ, ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ. ಅದರ ಬಣ್ಣ ಬಿಳುಪು. ನಾವು ಕೇಳುವ ಶಬ್ದವು ಅದರ ಕಾರ್ಯ. ಇದು ಸೂತ್ರದ ತಾತ್ಪರ್ಯ.

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಈ ಸೂತ್ರವನ್ನು ಪಾಠ ಹೇಳಿದ್ದೇನೆ. ತರಗತಿಯಲ್ಲಿ ಎರಡು ಬಗೆಯ ವಿದ್ಯಾರ್ಥಿಗಳು ಇದ್ದೇ ಇರುತ್ತಿದ್ದರು. ಶಬ್ದಕ್ಕೂ ಬಣ್ಣವೆ, ಎಂದು ನಗುವವನೊಬ್ಬ. ಇಂದಿನ ಭೌತವಿಜ್ಞಾನವೆಲ್ಲ ಇಲ್ಲಿಯೇ ಅಡಗಿದೆ ಎಂದು ಎದೆಯುಬ್ಬಿಸುವವನು ಇನ್ನೊಬ್ಬ. ಇಬ್ಬರೂ ಸೂತ್ರವನ್ನು ಓದಿದವರಲ್ಲ. ಕೇಶಿರಾಜ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾನೆ ಎಂಬುದನ್ನು ಇಬ್ಬರೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆ ಬಹು ದೊಡ್ಡದು: ಸದ್ದು ಎಂಬುದು ಒಂದು ವಸ್ತುವೋ, ಇಲ್ಲವೆ ವಸ್ತುವೊಂದರ ನಡೆಯೋ?

ಕೇಶಿರಾಜನ ಕಾಲ ಸುಮಾರು 1260. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನ ಅವನ ತಂದೆ, ಕವಿ ಜನ್ನ ಸೋದರಮಾವ. ಹೊಯ್ಸಳರ ಆಶ್ರಯದಲ್ಲಿ ಬಾಳಿದ ವಿದ್ವಾಂಸರ ಮನೆತನ ಅದು. ಅರಸೀಕೆರೆ ತಾಲ್ಲೂಕಿನ ನಮ್ಮ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವೂ ಆ ಶತಮಾನದ ನಡುಭಾಗದ್ದೇ. ಹೆಸರಾಂತ ರೂವಾರಿ ಮಲ್ಲಿತಮ್ಮನ ಕೈ ಅಲ್ಲಿ ಆಡಿದೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಎಂದರೆ ಇಂದಿನ ಹಳೇಬೀಡು, ಅಲ್ಲಿಂದ ದೂರವಿಲ್ಲ. ಒಂದೇ ನಾಡಿನ ಒಂದೇ ಕಾಲದ ಇಬ್ಬರು ಕುಶಲಿಗಳು. ಒಬ್ಬ ಕಲ್ಲಿನಲ್ಲಿ ಕೆಲಸ ಮಾಡಿದ, ಇನ್ನೊಬ್ಬ ಸದ್ದಿನಲ್ಲಿ.

ಕೇಶಿರಾಜ ಜೈನ. ಜೈನದರ್ಶನದಲ್ಲಿ ಶಬ್ದವು ಪುದ್ಗಲ, ಎಂದರೆ ಭೂತದ್ರವ್ಯ. ದ್ರವ್ಯವೆಂದ ಮೇಲೆ ಅದಕ್ಕೆ ಬಣ್ಣ ಇರಲೇಬೇಕು. ಬಿಳುಪೆಂಬ ಮಾತು ಬಂದದ್ದು ಈ ತರ್ಕದಿಂದ, ಕವಿಕಲ್ಪನೆಯಿಂದಲ್ಲ. ನ್ಯಾಯ ವೈಶೇಷಿಕರು ಇದನ್ನು ಒಪ್ಪಲಿಲ್ಲ. ಅವರ ಪಾಲಿಗೆ ಶಬ್ದ ದ್ರವ್ಯವಲ್ಲ, ಆಕಾಶವೆಂಬ ದ್ರವ್ಯದ ಗುಣ. ಮೀಮಾಂಸಕರು ಶಬ್ದವು ನಿತ್ಯವೆಂದೂ, ಗಾಳಿಯ ಧ್ವನಿ ಅದನ್ನು ಪ್ರಕಟಪಡಿಸುತ್ತದೆ ಅಷ್ಟೇ ಎಂದೂ ವಾದಿಸಿದರು. ಈ ಜಗಳದ ನಡುವೆ ನೈಯಾಯಿಕರು ಎರಡು ಸೊಗಸಾದ ಹೋಲಿಕೆಗಳನ್ನು ಕೊಟ್ಟಿದ್ದಾರೆ. ಒಂದು ವೀಚೀತರಂಗನ್ಯಾಯ: ನೀರಿನಲ್ಲಿ ಒಂದು ಅಲೆ ತನ್ನ ಮುಂದಿನ ಅಲೆಯನ್ನು ಹುಟ್ಟಿಸುವಂತೆ ಒಂದು ಶಬ್ದ ಮುಂದಿನ ಶಬ್ದವನ್ನು ಹುಟ್ಟಿಸುತ್ತದೆ, ಕಿವಿಗೆ ತಾಗುವುದು ಮೊದಲು ಹುಟ್ಟಿದ ಶಬ್ದವಲ್ಲ, ಅದರ ಸಂತಾನ. ಇನ್ನೊಂದು ಕದಂಬಮುಕುಲನ್ಯಾಯ: ಕದಂಬದ ಮೊಗ್ಗು ಚೆಂಡಿನಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವ ಹಾಗೆ ಶಬ್ದ ಸುತ್ತಲೂ, ಮೇಲಕ್ಕೂ ಕೆಳಕ್ಕೂ ಹರಡುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಕೆರೆಯ ಅಲೆ ನೀರಿನ ಮೇಲ್ಮೈಯಲ್ಲಿ ಮಾತ್ರ ಬಳೆಬಳೆಯಾಗಿ ಹರಡುತ್ತದೆ. ಸದ್ದು ಗೋಳವಾಗಿ ಹರಡುತ್ತದೆ. ಕದಂಬವನ್ನು ಆರಿಸಿದವನು ಈ ವ್ಯತ್ಯಾಸವನ್ನು ಕಂಡಿದ್ದ.

ಅಲೆಯ ಮರ್ಮವೇನು? ಹಳೇಬೀಡಿಗೆ ಹೋದವರು ಗುಡಿಯ ಶಿಲ್ಪಗಳನ್ನು ನೋಡಿ ಹಿಂದಿರುಗುತ್ತಾರೆ. ಊರಿಗೆ ಹೆಸರು ಕೊಟ್ಟ ದೋರಸಮುದ್ರದ ಕೆರೆಯನ್ನು ನೋಡುವವರು ಕಡಿಮೆ. ಅದರ ಏರಿಯ ಮೇಲೆ ನಿಂತು ಒಂದು ಕಲ್ಲೆಸೆದು, ನೀರಿನ ಮೇಲೆ ತೇಲುವ ಒಣ ಎಲೆಯೊಂದನ್ನು ಗಮನಿಸಬೇಕು. ಅಲೆ ದಡದತ್ತ ಸಾಗುತ್ತದೆ. ಎಲೆ ಸಾಗುವುದಿಲ್ಲ. ಇದ್ದಲ್ಲಿಯೇ ಏರಿ ಇಳಿದು ಮತ್ತೆ ಸುಮ್ಮನಾಗುತ್ತದೆ. ನೀರು ಎಲ್ಲಿಗೂ ಹೋಗಲಿಲ್ಲ. ಹೋದದ್ದು ನೀರಿನ ಕದಲಿಕೆ.

ಗಾಳಿಯಲ್ಲಿ ಸಾಗುವ ಸದ್ದಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗುತ್ತಿತ್ತು. ಹಿಂದೆ ಅಲ್ಲಿ ಗೂಡ್ಸ್ ಗಾಡಿಗಳನ್ನು ಷಂಟಿಂಗ್ ಮಾಡುವಾಗ ಎಂಜಿನ್ನು ಬಂದು ಮೊದಲ ಡಬ್ಬಿಗೆ ತಾಗುತ್ತಿತ್ತು. ಅದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಹೀಗೆ ಢಣ್ ಢಣ್ ಎನ್ನುತ್ತ ಆ ತಾಕು ಗಾಡಿಯ ಕೊನೆಯವರೆಗೂ ಓಡುತ್ತಿತ್ತು. ಒಂದೊಂದು ಡಬ್ಬಿಯೂ ಕದಲಿದ್ದು ಒಂದು ಗೇಣೋ ಎರಡು ಗೇಣೋ. ತಾಕು ಮಾತ್ರ ಗಾಡಿಯ ಉದ್ದಕ್ಕೂ ಸಾಗಿತು. ಸದ್ದಿನ ಅಲೆಯೂ ಹೀಗೆಯೇ. ಕೆರೆಯ ಎಲೆ ಮೇಲೆ ಕೆಳಗೆ ಆಡಿತು, ಅಲೆ ಅಡ್ಡಡ್ಡ ಹೋಯಿತು. ಗಾಳಿಯ ಕಣಗಳಾದರೋ ಅಲೆ ಹೋಗುವ ದಿಕ್ಕಿನಲ್ಲಿಯೇ ಹಿಂದಕ್ಕೂ ಮುಂದಕ್ಕೂ ಆಡುತ್ತವೆ. ಒಂದೆಡೆ ಅವು ಒತ್ತಾಗುತ್ತವೆ, ಮುಂದಿನ ಎಡೆಯಲ್ಲಿ ವಿರಳವಾಗುತ್ತವೆ. ಒತ್ತು, ತೆರಪು, ಒತ್ತು, ತೆರಪು: ಈ ಸಾಲು ಸಾಗುವುದೇ ಸದ್ದು. ವಿಜ್ಞಾನದ ಪಠ್ಯಗಳು ಇದನ್ನು ನೀಳತರಂಗವೆನ್ನುತ್ತವೆ, ಒಳ್ಳೆಯ ಪದ.

ಈ ಕದಲಿಕೆ ಎಷ್ಟು ಸಣ್ಣದೆಂಬುದನ್ನು ನೆನೆದರೆ ಬೆರಗಾಗುತ್ತದೆ. ನಾವು ಎದುರುಬದುರು ಕುಳಿತು ಆಡುವ ಸಾಮಾನ್ಯ ಮಾತು ಗಾಳಿಯ ಒತ್ತಡವನ್ನು ಏರಿಳಿಸುವುದು ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಿವಿಗೆ ಕೇಳಿಸಬಲ್ಲ ಅತಿ ಕ್ಷೀಣವಾದ ಸದ್ದಿನಲ್ಲಿ ಗಾಳಿಯ ಕಣಗಳ ಓಲಾಟ ಒಂದು ಪರಮಾಣುವಿನ ಅಡ್ಡಳತೆಗಿಂತಲೂ ಕಿರಿದು. ಕಿವಿಯ ತಮಟೆ ಅಷ್ಟನ್ನೂ ಹಿಡಿಯುತ್ತದೆ. ಹಿಡಿದ ಮೇಲೂ ನಾವು ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲವೆಂಬುದು ಬೇರೆಯ ವಿಷಯ.

ಹಾಗಾದರೆ ನೈಯಾಯಿಕರು ಗೆದ್ದರೆ? ಅರ್ಧ ಮಾತ್ರ. ಸಾಗುವುದು ವಸ್ತುವಲ್ಲ, ಪರಂಪರೆ ಎಂಬುದನ್ನು ಅವರು ಕಂಡಿದ್ದರು. ಆ ಪರಂಪರೆಗೆ ಆಶ್ರಯ ಆಕಾಶವೆಂದದ್ದು ನಿಲ್ಲಲಿಲ್ಲ. 1660ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗೆ ಸದ್ದು ಮಾಡುವ ಸಾಧನವನ್ನಿಟ್ಟು, ಗಾಳಿಯನ್ನು ಹೊರತೆಗೆಯುತ್ತ ಹೋದ. ಗಾಳಿ ಕಡಿಮೆಯಾದಂತೆ ಸದ್ದೂ ಅಡಗುತ್ತ ಬಂತು. ಪಾತ್ರೆಯಲ್ಲಿ ಅವಕಾಶವೇನೋ ಉಳಿದಿತ್ತು, ಗಾಳಿ ಉಳಿದಿರಲಿಲ್ಲ. ಹೋಲಿಕೆಯಲ್ಲಿ ನಮ್ಮವರು ಹಿಂದುಳಿದವರಲ್ಲ. ಹೋಲಿಕೆಯನ್ನು ಪಾತ್ರೆಯೊಳಗಿಟ್ಟು ಪರೀಕ್ಷಿಸುವುದೊಂದು ಅವರಿಂದ ಆಗಲಿಲ್ಲ. ಗಾಳಿಯನ್ನು ಹೆಸರಿಸಿ ಹೇಳಿದ ಮಟ್ಟಿಗೆ ಕೇಶಿರಾಜನೇ ಸತ್ಯಕ್ಕೆ ಹತ್ತಿರದವನು.

ಅಲೆ ಸಾಗುವ ವೇಗ ಎಷ್ಟು? ಕೆರೆಯ ಆಚೆ ದಡದಲ್ಲಿ ಮಡಿವಾಳರು ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದು ಗೊತ್ತು. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೆದ್ದಿರುತ್ತದೆ, ಆಗ ‘ಠಪ್’ ಎಂಬ ಸದ್ದು ಬಂದು ಮುಟ್ಟುತ್ತದೆ. ನಮ್ಮ ಸೀಮೆಯ ಹದವಾದ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ನ್ಯೂಟನ್ 1687ರ ತನ್ನ ಮಹಾಗ್ರಂಥದಲ್ಲಿ ಇದನ್ನು ಬರಿಯ ಲೆಕ್ಕದಿಂದಲೇ ಕಂಡುಹಿಡಿಯಲು ಹೋದ. ಬಂದ ಉತ್ತರ ನಿಜಕ್ಕಿಂತ ನೂರಕ್ಕೆ ಹದಿನೈದರಷ್ಟು ಕಡಿಮೆ. ಕಾರಣವನ್ನು ಒಂದು ಶತಮಾನಕ್ಕೂ ಮಿಕ್ಕಿ ಕಳೆದ ಮೇಲೆ ಫ್ರಾನ್ಸಿನ ಲಾಪ್ಲಾಸ್ ತೋರಿಸಿಕೊಟ್ಟ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪನ್ನು ಒತ್ತಿದವರಿಗೆಲ್ಲ ಇದು ತಿಳಿದದ್ದೇ. ಸದ್ದಿನ ಅಲೆಯಲ್ಲಿ ಆ ಬಿಸಿ ಹೊರಗೆ ಹೋಗಲು ಹೊತ್ತೇ ಸಿಗುವುದಿಲ್ಲ, ಆದುದರಿಂದ ಗಾಳಿ ಇನ್ನಷ್ಟು ಬಿರುಸಾಗಿ ಹಿಂದಕ್ಕೆ ತಳ್ಳುತ್ತದೆ, ಅಲೆ ಇನ್ನಷ್ಟು ಬೇಗ ಸಾಗುತ್ತದೆ. ನೀರಿನಲ್ಲಿ ಈ ವೇಗ ನಾಲ್ಕು ಪಟ್ಟಿಗೂ ಹೆಚ್ಚು. ಉಕ್ಕಿನಲ್ಲಿ ಸೆಕೆಂಡಿಗೆ 5,000 ಮೀಟರಿಗೂ ಮಿಗಿಲು.

ಇಲ್ಲಿ ಒಂದು ವಿನೋದ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿ. ಬಾನುಲಿಯ ಅಲೆ ಸದ್ದಿನ ಅಲೆಯಲ್ಲ. ಅದು ಬೆಳಕಿನ ಕುಲದ್ದು, ಗಾಳಿಯ ಹಂಗು ಅದಕ್ಕಿಲ್ಲ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಭಾಷಣ ನೇರವಾಗಿ ಬಿತ್ತರವಾಗುತ್ತಿದ್ದರೆ, ಐವತ್ತು ಕಿಲೋಮೀಟರ್ ಆಚೆ ರೇಡಿಯೋಗೆ ಕಿವಿಗೊಟ್ಟು ಕುಳಿತವರಿಗೆ ಮಾತು ಮೊದಲು ಕೇಳಿಸುತ್ತದೆ. ಭಾಷಣಕಾರನ ಮೇಜಿನ ಆಚೆ ಬದಿಯಲ್ಲಿ ಕುಳಿತವರಿಗೆ ಆಮೇಲೆ. ವೈಶೇಷಿಕರು ಶಬ್ದಕ್ಕೆ ಹೇಳಿದ ಮಾತು ಶಬ್ದಕ್ಕೆ ಒಪ್ಪಲಿಲ್ಲ, ಬಾನುಲಿಗೆ ಒಪ್ಪಿತು.

ಗಾಳಿ ಬಿಸಿಯಾದಷ್ಟೂ ಸದ್ದಿನ ವೇಗ ಹೆಚ್ಚುತ್ತದೆ, ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಜಾವಗಲ್ಲಿನಂತಹ ಬಯಲಿನ ಊರುಗಳಲ್ಲಿ ಎಲ್ಲರೂ ಕಂಡಿರುವ ಒಂದು ಸಂಗತಿಗೆ ಇದೇ ಕಾರಣ. ದೂರದ ಹಳ್ಳಿಯ ಜಾತ್ರೆಯಲ್ಲಿಯೋ ದರ್ಗಾದ ಉರುಸಿನಲ್ಲಿಯೋ ವಾದ್ಯ ಬಾರಿಸುತ್ತಿದ್ದರೆ ಹಗಲು ಹೊತ್ತು ಏನೂ ಕೇಳಿಸದು. ಚಳಿಗಾಲದ ರಾತ್ರಿ, ಊರಿನ ಪಕ್ಕದಲ್ಲಿಯೇ ಬಾರಿಸುತ್ತಿರುವರೋ ಎಂಬಂತೆ ಕೇಳಿಸುತ್ತದೆ. ರಾತ್ರಿಯ ನಿಶ್ಶಬ್ದವೇ ಕಾರಣವೆಂದು ಹೇಳಿ ಮುಗಿಸುವವರುಂಟು. ಅದೂ ಒಂದು ಕಾರಣ, ಅದೊಂದೇ ಅಲ್ಲ. ಹಗಲಿನಲ್ಲಿ ಕಾದ ನೆಲಕ್ಕೆ ತಾಗಿದ ಗಾಳಿ ಬಿಸಿ, ಮೇಲಿನದು ತಂಪು. ಅಲೆಯ ಕೆಳ ಅಂಚು ಮುಂದೋಡುತ್ತದೆ, ಮೇಲಂಚು ಹಿಂದುಳಿಯುತ್ತದೆ. ಜೋಡೆತ್ತಿನಲ್ಲಿ ಒಂದು ಬಿರುಸಾಗಿ ನಡೆದರೆ ಬಂಡಿ ನಿಧಾನದ ಎತ್ತಿನ ಕಡೆಗೆ ತಿರುಗುವುದಷ್ಟೆ? ಹಾಗೆಯೇ ಅಲೆ ಮೇಲಕ್ಕೆ ಬಾಗಿ, ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಅಲೆ ಕೆಳಕ್ಕೆ ಬಾಗುತ್ತದೆ, ಮೇಲೆ ಹೋಗಬೇಕಾಗಿದ್ದ ಸದ್ದು ತೋಟದ ತೆಂಗಿನ ತಲೆಗಳನ್ನು ದಾಟಿ ನಮ್ಮ ಜಗಲಿಗೆ ಇಳಿಯುತ್ತದೆ. ಇಳಿದು ಬರುವುದಾದರೂ ಯಾವುದು? ತಮಟೆಯ ಚುರುಕಾದ ಏಟುಗಳಲ್ಲ, ಡೊಳ್ಳಿನ ಗಂಭೀರ ನಾದ. ತಾರದ ಸದ್ದನ್ನು ಗಾಳಿ ದಾರಿಯಲ್ಲಿಯೇ ಹೀರಿಕೊಳ್ಳುತ್ತದೆ. ಮಂದ್ರವನ್ನು ಬಹು ದೂರ ಬಿಟ್ಟುಕೊಡುತ್ತದೆ.

ತಾರ, ಮಂದ್ರ ಎಂದೆ. ಸೆಕೆಂಡಿಗೆ ಎಷ್ಟು ಒತ್ತುಗಳು ಬಂದು ಕಿವಿಗೆ ತಾಗುತ್ತವೆ ಎಂಬುದೇ ಇಲ್ಲಿಯ ಭೇದ. ಆ ಎಣಿಕೆಯನ್ನು ಹರ್ಟ್ಜ್ ಎಂಬ ಮಾನದಲ್ಲಿ ಹೇಳುತ್ತಾರೆ. ಎಳೆಯರ ಕಿವಿ 20ರಿಂದ 20,000ದವರೆಗೆ ಕೇಳುತ್ತದೆ. ನನ್ನ ವಯಸ್ಸಿನವರಿಗೆ ಮೇಲಿನ ಪಾಲು ಬಹಳಷ್ಟು ಹೋಗಿರುತ್ತದೆ. ಸೆಕೆಂಡಿಗೆ ನೂರು ಒತ್ತುಗಳ ಮಂದ್ರಸ್ವರದಲ್ಲಿ ಒಂದು ಒತ್ತಿನಿಂದ ಇನ್ನೊಂದಕ್ಕೆ ಇರುವ ದೂರ ಸುಮಾರು ಮೂರೂವರೆ ಮೀಟರ್. ಅದು ಆ ಅಲೆಯ ಉದ್ದ. ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಜಾವಗಲ್ಲಿನ ಗುಡಿ ತ್ರಿಕೂಟ. ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳು. ಕಂಬದ ಮರೆಯಲ್ಲಿ ನಿಂತವನಿಗೆ ಅರ್ಚಕರು ಕಾಣುವುದಿಲ್ಲ, ಮಂತ್ರ ಮಾತ್ರ ಕೇಳುತ್ತದೆ. ಅಷ್ಟುದ್ದದ ಅಲೆಗೆ ಕಂಬವೂ ಬಾಗಿಲವಾಡವೂ ದೊಡ್ಡ ಅಡ್ಡಿಯಲ್ಲ, ಬಳಸಿಕೊಂಡು ಬರುತ್ತದೆ. ಬೆಳಕಿನ ಪುಟ್ಟ ಅಲೆಗೆ ಆ ಕಂಬ ದೊಡ್ಡ ಬೆಟ್ಟ. ನಯಗೊಳಿಸಿದ ಕಲ್ಲಿನ ಗೋಡೆ ಸದ್ದನ್ನು ನುಂಗದೆ ಹಿಂದಕ್ಕೆ ಎಸೆಯುತ್ತದೆ. ಗೋಡೆಗಳು ಹತ್ತಿರವಿರುವುದರಿಂದ ಹಿಂದಿರುಗಿದ ಸದ್ದು ಮೂಲದೊಡನೆ ಬೆರೆತು ಗುಂಗಾಗಿ ನಿಲ್ಲುತ್ತದೆ. ಪ್ರತಿಧ್ವನಿ ಬಿಡಿಯಾಗಿ ಕೇಳಬೇಕಾದರೆ ಗೋಡೆ ಕಡೆಯಪಕ್ಷ ಹದಿನೇಳು ಮೀಟರ್ ದೂರವಿರಬೇಕು. ಅದಕ್ಕೆ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಬೇಕು. ಅದರ ಮಾತು ಬಂದರೆ ಈ ಹೊತ್ತು ಸಾಲದು.

ಸದ್ದಿಗೂ ನಾದಕ್ಕೂ ಏನು ಭೇದವೆಂಬುದನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಆ ಅಧ್ಯಾಯದ ಒಂದು ಪುಟ ನಮ್ಮ ದೇಶದ್ದೇ. ತಂಬೂರಿಯ ತಂತಿ ಮೀಟಿದರೆ ಒಂದೇ ಸ್ವರ ಹುಟ್ಟುವುದಿಲ್ಲ. ಇಡೀ ತಂತಿ ಒಂದು ಲಯದಲ್ಲಿ ಆಡುತ್ತಿರುವಾಗಲೇ ಅದರ ಅರ್ಧಗಳು ಎರಡರಷ್ಟು, ಮೂರನೆಯ ಒಂದು ಪಾಲುಗಳು ಮೂರರಷ್ಟು ಬಿರುಸಾಗಿ ಆಡುತ್ತಿರುತ್ತವೆ. ಒಂದು, ಎರಡು, ಮೂರು, ನಾಲ್ಕು ಎಂಬ ಈ ಸರಳ ಪ್ರಮಾಣವಿರುವುದರಿಂದಲೇ ಅವೆಲ್ಲ ಕಿವಿಯಲ್ಲಿ ಒಂದಾಗಿ ನಾದವೆನಿಸುತ್ತವೆ. ಬಿಗಿದ ತೊಗಲಿಗೆ ಈ ಭಾಗ್ಯವಿಲ್ಲ. ಮೂಲಸ್ವರ ಒಂದಾದರೆ ಮೇಲಿನವು 1.59, 2.14, 2.30 ಎಂದು ಅಡ್ಡಾದಿಡ್ಡಿಯಾಗಿ ಬರುತ್ತವೆ. ತಮಟೆಗೆ ಶ್ರುತಿ ಇಲ್ಲದಿರುವುದು ಇದರಿಂದ. ಹಾಗಾದರೆ ಮೃದಂಗಕ್ಕೆ ಶ್ರುತಿ ಎಲ್ಲಿಂದ ಬಂತು? ಸಿ. ವಿ. ರಾಮನ್ ಈ ಪ್ರಶ್ನೆಯನ್ನು ಹಿಡಿದರು. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ರಹಸ್ಯವಿರುವುದು ಬಲಮುಖದ ನಡುವಣ ಕಪ್ಪು ಕರಣೆಯಲ್ಲಿ. ಕಿಟ್ಟದ ಪುಡಿಯನ್ನು ಅನ್ನದ ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಮೆತ್ತಿ, ಉಜ್ಜಿ ಉಜ್ಜಿ ಕೂರಿಸಿದ ಆ ಭಾರ, ತೊಗಲಿನ ಅಡ್ಡಾದಿಡ್ಡಿ ಕಂಪನಗಳನ್ನು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣಕ್ಕೆ ಎಳೆದು ನಿಲ್ಲಿಸುತ್ತದೆ. ತೊಗಲಿನ ಮೇಲೆ ನುಣುಪಾದ ಮರಳು ಉದುರಿಸಿ, ಮೈ ಎಲ್ಲಿ ಕದಲುವುದಿಲ್ಲವೋ ಅಲ್ಲಿ ಮರಳು ಗೆರೆಗಟ್ಟುವುದನ್ನು ರಾಮನ್ ಕಂಡರು. ಸೂತ್ರ ಸಮೀಕರಣಗಳಿಲ್ಲದೆ, ಬರಿಯ ಕಿವಿಯನ್ನು ನಂಬಿ ಇದನ್ನು ಸಾಧಿಸಿದ ಕೈಗಳ ಹೆಸರು ನಮಗೆ ತಿಳಿಯದು. ಹಳೇಬೀಡಿನ ಗೋಡೆಗಳ ಮೇಲೆ ಮೃದಂಗ ನುಡಿಸುವವರಿದ್ದಾರೆ, ಮೃದಂಗ ಮಾಡುವವರಿಲ್ಲ.

ಈಗ ಕೇಶಿರಾಜನ ಕಹಳೆಗೆ ಬರುತ್ತೇನೆ. ಹೊಕ್ಕುಳ ಮಾತನ್ನು ಬಿಡೋಣ. ಕೊರಳಿನ ತಂತುಗಳ ಕಂಪನದಿಂದ ಧ್ವನಿ ಹುಟ್ಟುತ್ತದೆ, ಶ್ವಾಸಕೋಶದ ಗಾಳಿ ಅದಕ್ಕೆ ನೂಕು ಕೊಡುತ್ತದೆ. ಕಹಳೆಯ ಹೋಲಿಕೆ ಮಾತ್ರ ಬಿಡುವಂಥದಲ್ಲ. ಕಹಳೆಯಲ್ಲಿ ತುಟಿ ಅದುರಿ ಒರಟು ಸದ್ದು ಹುಟ್ಟುತ್ತದೆ, ಕೊಳವೆ ಅದಕ್ಕೆ ರೂಪು ಕೊಡುತ್ತದೆ. ಬಾಯಿಯೂ ಹಾಗೆಯೇ. ಒಂದೇ ಶ್ರುತಿಯಲ್ಲಿ, ಒಂದೇ ಬಲದಲ್ಲಿ ಆ, ಈ, ಊ ಎಂದು ನುಡಿದು ನೋಡಿ. ಕೊರಳು ಮಾಡುವ ಕೆಲಸ ಒಂದೇ; ಬದಲಾಗುವುದು ಬಾಯೆಂಬ ಕೊಳವೆಯ ಆಕಾರ. ಕೊಳವೆ ತನಗೆ ಒಪ್ಪುವ ಕಂಪನಗಳನ್ನು ಹಿಗ್ಗಿಸಿ ಉಳಿದವನ್ನು ಕುಗ್ಗಿಸುತ್ತದೆ. ಗಂಡಸಿನ ಬಾಯಲ್ಲಿ ಆಕಾರಕ್ಕೆ ಹಿಗ್ಗುವುದು ಸುಮಾರು 700 ಮತ್ತು 1,100 ಹರ್ಟ್ಜ್‌ಗಳ ಆಸುಪಾಸಿನವು. ಈಕಾರಕ್ಕೆ 300 ಮತ್ತು 2,300. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಬಿಡಿಸಿಟ್ಟ. ನಮ್ಮ ಶಿಕ್ಷಾಗ್ರಂಥಗಳು ಕಂಠ್ಯ, ತಾಲವ್ಯ, ಓಷ್ಠ್ಯ ಎಂದು ಸ್ಥಾನ ಹಿಡಿದು ವರ್ಣಗಳನ್ನು ಜೋಡಿಸಿದ್ದು ಆ ಕೊಳವೆಯನ್ನು ಒಳಗಿನಿಂದ ಕಂಡ ಬಗೆ; ಇದು ಹೊರಗಿನಿಂದ ಅಳೆದ ಬಗೆ.

ಸಕಾರ ಶಕಾರಗಳ ವಿಷಯವಾಗಿ ಕನ್ನಡ ಮೇಷ್ಟರುಗಳು ಎಂದಿನಿಂದಲೂ ಗೊಣಗುತ್ತ ಬಂದಿದ್ದೇವೆ. ಸಕಾರದ ಸತ್ವವೆಲ್ಲ ಬಹುಮಟ್ಟಿಗೆ 4,000 ಹರ್ಟ್ಜ್‌ಗಿಂತ ಮೇಲೆ. ಹಳೆಯ ದೂರವಾಣಿ ತಂತಿಗಳು 3,400ಕ್ಕಿಂತ ಮೇಲಿನದನ್ನು ಒಯ್ಯುತ್ತಲೇ ಇರಲಿಲ್ಲ. ಫೋನಿನಲ್ಲಿ ‘ಶಂಕರ’ನು ‘ಸಂಕರ’ನಾಗಿ ಕೇಳಿಸಿದರೆ ಪ್ರತಿ ಸಲವೂ ಅದು ವಿದ್ಯಾರ್ಥಿಯ ದೋಷವಾಗಿರಲಿಲ್ಲ.

ಕೊನೆಗೆ ಆ ಅಲೆ ಏನಾಗುತ್ತದೆ? ಹರಡಿದಂತೆಲ್ಲ ತೆಳುವಾಗುತ್ತದೆ. ಗಾಳಿಯೂ ಗೋಡೆಯೂ ಕೇಳುವವರ ಬಟ್ಟೆಬರೆಯೂ ಅದನ್ನು ಹೀರಿಕೊಂಡು ಶಾಖವನ್ನಾಗಿ ಮಾಡಿಬಿಡುತ್ತವೆ. ಆ ಶಾಖವಾದರೂ ಎಷ್ಟು? ಮಾತಿನಲ್ಲಿರುವ ಶಕ್ತಿಯಿಂದ ಒಂದು ಲೋಟ ಕಾಫಿ ಕಾಯಿಸಬೇಕೆಂದರೆ ಒಬ್ಬನು ನೂರು ವರ್ಷಕ್ಕೂ ಮೇಲ್ಪಟ್ಟು ಎಡೆಬಿಡದೆ ಮಾತನಾಡುತ್ತಿರಬೇಕು. ಮೂವತ್ತು ವರ್ಷ ದಿನಕ್ಕೆ ಮೂರು ಗಂಟೆ ಪಾಠ ಹೇಳಿದವನ ಸಂಪಾದನೆಯಲ್ಲಿ ನೀರು ಉಗುರುಬೆಚ್ಚಗೂ ಆಗದು.

ಆಡಿದ ಮಾತು ಎಲ್ಲಿಯೂ ಉಳಿಯುವುದಿಲ್ಲವೆಂದು ಇದರ ಅರ್ಥ. 1877ರಲ್ಲಿ ಎಡಿಸನ್ ಧ್ವನಿಯನ್ನು ಮುದ್ರಿಸುವ ಯಂತ್ರವನ್ನು ಮಾಡುವುದಕ್ಕೆ ಮುಂಚೆ ಆಡಿದ ಕನ್ನಡವೆಲ್ಲ, ಪಂಪನದೂ ಬಸವಣ್ಣನದೂ ಕುಮಾರವ್ಯಾಸನದೂ, ಬಿಸಿಯಾಗಿ ಗಾಳಿಯಲ್ಲಿ ಬೆರೆತುಹೋಗಿದೆ. ಮಲ್ಲಿತಮ್ಮ ಕಡೆದ ಕಲ್ಲು ಇದೆ. ಅವನು ಕೆಲಸಗಾರರನ್ನು ಯಾವ ದನಿಯಲ್ಲಿ ಕೂಗಿ ಕರೆಯುತ್ತಿದ್ದನೆಂಬುದು ಇಲ್ಲ. ಕೇಶಿರಾಜನಿಗೆ ಈ ಭಯ ಇದ್ದಿರಬೇಕು. ಅವನ ಕಾಲಕ್ಕೆ ಹಳಗನ್ನಡದ ೞಕಾರ ಜನರ ಬಾಯಿಂದ ಜಾರುತ್ತಿತ್ತು, ಳಕಾರದೊಡನೆ ಬೆರೆಯುತ್ತಿತ್ತು. ಅಕ್ಷರದ ಸ್ವರೂಪವನ್ನು ಹೇಳಿದ್ದಷ್ಟೇ ಸಾಲದೆಂದು ಅವನು ೞಕಾರವಿರುವ ಶಬ್ದಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಇಟ್ಟ. ಆ ಪಟ್ಟಿ ನಮ್ಮ ಕೈಯಲ್ಲಿದೆ, ಅದರ ಸದ್ದು ಕನ್ನಡಿಗರ ಬಾಯಲ್ಲಿಲ್ಲ. ಕೇಳಬೇಕೆನ್ನುವವರು ತಮಿಳರನ್ನೋ ಮಲೆಯಾಳಿಗಳನ್ನೋ ಒಂದರಿಂದ ಏಳರವರೆಗೆ ಅವರ ನುಡಿಯಲ್ಲಿ ಎಣಿಸಲು ಹೇಳಬೇಕು. ನಾವು ‘ಏಳು’ ಎನ್ನುವ ಕಡೆ ಅವರು ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಎಲ್ಲಿಯೂ ತಾಗಿಸದೆ, ‘ಏೞು’ ಎನ್ನುತ್ತಾರೆ.